ಮುಂಬೈಯಲ್ಲಿದ್ದು ಹೊರದೇಶದಲ್ಲಿ ಕಂಪನಿ: ಮೊದಲು ಬ್ಯಾಂಕು, ಆಮೇಲೆ ನೋಂದಣಿ

ಡೊಂಬಿವಲಿಯ ಫ್ಲಾಟಿನಲ್ಲಿ ಕುಳಿತು ಅಮೆರಿಕದ ಗ್ರಾಹಕರಿಗೆ ಸಾಫ್ಟ್‌ವೇರ್ ಮಾರುವವರಿಗಾಗಲಿ, ಅಂಧೇರಿಯಿಂದ ಆನ್‌ಲೈನ್ ಪಾಠ ನಡೆಸುವವರಿಗಾಗಲಿ ಹೊರದೇಶದಲ್ಲಿ ಕಂಪನಿ ನೋಂದಾಯಿಸುವುದು ಈಗ ಕಷ್ಟದ ಕೆಲಸವಲ್ಲ. ಶುಲ್ಕ ಕಟ್ಟಿದರೆ ಏಜೆಂಟರು ಕೆಲವೇ ದಿನಗಳಲ್ಲಿ ಪ್ರಮಾಣಪತ್ರ ತಂದುಕೊಡುತ್ತಾರೆ. ತೊಡಕು ಇರುವುದು ಈ ತುದಿಯಲ್ಲಿ. ಭಾರತದ ನಿವಾಸಿಯೊಬ್ಬರು ವಿದೇಶಿ ಕಂಪನಿಯ ಷೇರು ಪಡೆಯುವುದಕ್ಕೆ ವಿದೇಶಿ ವಿನಿಮಯವನ್ನು ನಿಯಂತ್ರಿಸುವ 1999ರ ಫೆಮಾ ಕಾಯ್ದೆಯೂ ಅದರಡಿ 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳೂ ಅನ್ವಯಿಸುತ್ತವೆ. ಆದ್ದರಿಂದ ಕೆಲಸವನ್ನು ಏಜೆಂಟರಿಂದಲ್ಲ, ಬ್ಯಾಂಕಿನಿಂದ ಆರಂಭಿಸಬೇಕು.

ಅದಕ್ಕೂ ಮೊದಲು ಕಂಪನಿ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹೊರದೇಶದ ಗ್ರಾಹಕರಿಂದ ಡಾಲರಿನಲ್ಲಿ ಹಣ ಪಡೆಯುವುದಷ್ಟೇ ಉದ್ದೇಶವಾದರೆ ಇಲ್ಲಿನ ಸ್ವಂತ ಹೆಸರಿನ ವ್ಯಾಪಾರವೇ ಸಾಕಾಗುತ್ತದೆ; ಸೇವಾ ರಫ್ತಿಗೆ ಜಿಎಸ್‌ಟಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿ ತೆರಿಗೆ ಕಟ್ಟದೆಯೇ ಬಿಲ್ ಮಾಡಬಹುದು. ಅಮೆರಿಕದ ಹೂಡಿಕೆದಾರರು ಅಲ್ಲಿನ ಡೆಲಾವೇರ್ ರಾಜ್ಯದಲ್ಲಿ ನೋಂದಾಯಿಸಿದ ಕಂಪನಿಯನ್ನೇ ಕೇಳಿದಾಗ, ದೊಡ್ಡ ಗ್ರಾಹಕ ಸಂಸ್ಥೆ ತನ್ನ ದೇಶದ ಕಂಪನಿಯೊಂದಿಗೇ ಒಪ್ಪಂದ ಮಾಡಿಕೊಳ್ಳುವೆನೆಂದಾಗ ವಿದೇಶಿ ಕಂಪನಿಗೆ ಅರ್ಥವಿದೆ. ತೆರಿಗೆ ಉಳಿಸುವುದೊಂದೇ ಕಾರಣವಾದರೆ, ಮುಂಬೈಯಲ್ಲೇ ವಾಸವಾಗಿರುವವರಿಗೆ ಇದು ಬಹುತೇಕ ವ್ಯರ್ಥ ಖರ್ಚು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಪ್ರಶ್ನೆ ಷೇರು ಯಾರ ಹೆಸರಿನಲ್ಲಿರಬೇಕು ಎಂಬುದು. ವ್ಯಕ್ತಿಯಾಗಿ ಹೂಡಿದರೆ ಎಲ್‌ಆರ್‌ಎಸ್ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳುಹಿಸಲು ಇರುವ ಆರ್‌ಬಿಐ ಯೋಜನೆ) ಮಿತಿಯೊಳಗೆ, ಅಂದರೆ ಒಂದು ಹಣಕಾಸು ವರ್ಷದಲ್ಲಿ ಎಲ್ಲ ಉದ್ದೇಶಗಳಿಗೂ ಸೇರಿ 2,50,000 ಡಾಲರಿನೊಳಗೆ ಇರಬೇಕು. ಆ ಕಂಪನಿ ನಿಜವಾಗಿ ವ್ಯವಹಾರ ನಡೆಸುವಂಥದ್ದಾಗಿರಬೇಕು ಮತ್ತು ಹಣಕಾಸು ಸೇವೆಯಲ್ಲಿ ತೊಡಗಿರಬಾರದು. ಇದಕ್ಕಿಂತ ಮುಖ್ಯವಾದ ಇನ್ನೊಂದು ನಿರ್ಬಂಧವನ್ನು ಹೊಸಬರು ಗಮನಿಸುವುದಿಲ್ಲ: ವಿದೇಶಿ ಕಂಪನಿಯ ನಿಯಂತ್ರಣ ನಿಮ್ಮ ಕೈಯಲ್ಲಿದ್ದರೆ ಅದಕ್ಕೆ ಅಂಗಸಂಸ್ಥೆ ಇರುವಂತಿಲ್ಲ. ಡೆಲಾವೇರ್‌ನಲ್ಲಿ ಮಾತೃಸಂಸ್ಥೆ ಕಟ್ಟಿ, ಅದರ ಅಂಗಸಂಸ್ಥೆಯಾಗಿ ಥಾಣೆಯಲ್ಲೊಂದು ಪ್ರೈವೇಟ್ ಲಿಮಿಟೆಡ್ ತೆರೆಯುವ ಯೋಜನೆ ಇಲ್ಲಿಯೇ ಮುಗ್ಗರಿಸುತ್ತದೆ. ಹಾಗೆ ಬೆಳೆಯುವ ಉದ್ದೇಶವಿದ್ದವರು ಇಲ್ಲಿನ ತಮ್ಮ ಕಂಪನಿಯ ಮೂಲಕವೇ ಹೂಡುವ ದಾರಿಯನ್ನು ಫೆಮಾ ಬಲ್ಲ ಸಿಎ ಜೊತೆ ಚರ್ಚಿಸಬೇಕು. ಕಂಪನಿಗೆ ಅದರ ನಿವ್ವಳ ಮೌಲ್ಯದ ಶೇ 400ರವರೆಗೆ ಸ್ವಯಂಚಾಲಿತ ಮಾರ್ಗದಲ್ಲಿ, ಅಂದರೆ ಮುಂಚಿತ ಅನುಮತಿಯಿಲ್ಲದೆ, ಅವಕಾಶವಿದೆ.

ದೇಶದ ಆಯ್ಕೆಯನ್ನು ಗ್ರಾಹಕರು ಎಲ್ಲಿದ್ದಾರೆ ಎಂಬುದರ ಮೇಲೆ ಮಾಡಬೇಕು. ಸಿಂಗಾಪುರದಲ್ಲಿ ಹೆಸರಿಗೆ 15 ಮತ್ತು ನೋಂದಣಿಗೆ 300 ಸಿಂಗಾಪುರ ಡಾಲರ್ ಮಾತ್ರ ಶುಲ್ಕ, ಆದರೆ ಅಲ್ಲಿಯೇ ವಾಸಿಸುವ ಒಬ್ಬ ನಿರ್ದೇಶಕರು ಕಡ್ಡಾಯ. ಅವರನ್ನು ಬಾಡಿಗೆಗೆ ಒದಗಿಸುವ ಸಂಸ್ಥೆಗೆ ವರ್ಷವರ್ಷವೂ ಕೊಡುವುದೇ ಅಸಲಿ ಖರ್ಚು. ಲಾಭದ ಮೇಲಿನ ತೆರಿಗೆ ಶೇ 17. ಡೆಲಾವೇರ್‌ನ ಎಲ್‌ಎಲ್‌ಸಿಗೆ (ಮಾಲೀಕರ ಹೊಣೆ ಸೀಮಿತವಾಗಿರುವ ಸರಳ ಬಗೆಯ ಕಂಪನಿ) ಪ್ರತಿವರ್ಷ ಜೂನ್ 1ರೊಳಗೆ 300 ಡಾಲರ್ ಕಟ್ಟಬೇಕು. ಒಬ್ಬರೇ ವಿದೇಶಿ ಮಾಲೀಕರಿರುವ ಎಲ್‌ಎಲ್‌ಸಿ ಮಾಲೀಕರೊಂದಿಗಿನ ವ್ಯವಹಾರದ ವಿವರವಿರುವ ಫಾರ್ಮ್ 5472 ಅನ್ನು ಅಮೆರಿಕದ ತೆರಿಗೆ ಇಲಾಖೆಗೆ ಸಲ್ಲಿಸದಿದ್ದರೆ ದಂಡ 25,000 ಡಾಲರಿನಿಂದ ಆರಂಭವಾಗುತ್ತದೆ, ಆದಾಯ ಎಷ್ಟೇ ಸಣ್ಣದಿರಲಿ. ಅದೇ ಸಿ-ಕಾರ್ಪ್ (ತಾನೇ ತೆರಿಗೆ ಕಟ್ಟುವ ಷೇರು ಕಂಪನಿ) ಆದರೆ ಲಾಭಕ್ಕೆ ಶೇ 21 ಫೆಡರಲ್ ತೆರಿಗೆ, ಲಾಭಾಂಶ ವ್ಯಕ್ತಿಗೆ ಬರುವಾಗ ಭಾರತ-ಅಮೆರಿಕ ತೆರಿಗೆ ಒಪ್ಪಂದದಂತೆ ಶೇ 25 ಕಡಿತ. ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ 2023ರ ಜೂನ್‌ನಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9 ತೆರಿಗೆ ಬಂದಿದೆ, ಫ್ರೀ ಜೋನ್ ಎಂಬ ವಿಶೇಷ ವಲಯಗಳ ರಿಯಾಯಿತಿಗೆ ಷರತ್ತುಗಳಿವೆ.

ಇನ್ನು ಬ್ಯಾಂಕು. ಮನೆ ಹತ್ತಿರದ ಶಾಖೆಯಲ್ಲಿ ಈ ಕಡತವನ್ನು ಕಂಡವರು ಸಿಗುವುದು ಅಪರೂಪ. ಅದೇ ಬ್ಯಾಂಕಿನ ಫೋರ್ಟ್, ನರಿಮನ್ ಪಾಯಿಂಟ್ ಅಥವಾ ಬಿಕೆಸಿಯಂಥ ಕಡೆಯ ವಿದೇಶಿ ವಿನಿಮಯ ವಿಭಾಗವನ್ನು ವಿಚಾರಿಸಬೇಕು. ಹೂಡಿಕೆಯ ವಿವರದ ಫಾರ್ಮ್ ಎಫ್‌ಸಿ, ಹಣ ರವಾನೆಯ ಫಾರ್ಮ್ ಎ2, ಪ್ಯಾನ್ ಮತ್ತು ಬ್ಯಾಂಕು ಕೇಳುವ ಪ್ರಮಾಣಪತ್ರಗಳನ್ನು ಕೊಟ್ಟ ಮೇಲೆ ಆರ್‌ಬಿಐ ವ್ಯವಸ್ಥೆಯಲ್ಲಿ ಆ ವಿದೇಶಿ ಕಂಪನಿಗೆ ಯುಐಎನ್ ಎಂಬ ಸಂಖ್ಯೆ ಸಿಗುತ್ತದೆ. ಹಣ ಕಳುಹಿಸುವುದು ಅಥವಾ ಹೂಡಿಕೆಗೆ ಬದ್ಧರಾಗುವುದು, ಇವೆರಡರಲ್ಲಿ ಯಾವುದು ಮೊದಲೋ ಆ ಹೊತ್ತಿಗೆ ಫಾರ್ಮ್ ಎಫ್‌ಸಿ ಸಲ್ಲಿಕೆಯಾಗಿರಬೇಕು. ಏಜೆಂಟರ ಶುಲ್ಕವನ್ನು ಕಾರ್ಡಿನಲ್ಲಿ ಕಟ್ಟಿ ಷೇರುಗಳನ್ನೂ ತಮ್ಮ ಹೆಸರಿಗೆ ಬರೆಸಿಕೊಂಡು, ತಿಂಗಳುಗಳ ಮೇಲೆ ಬ್ಯಾಂಕಿಗೆ ಹೋದವರು ವಿಳಂಬ ಶುಲ್ಕದಿಂದ ಮೊದಲುಗೊಂಡು ಅನೇಕ ವಿವರಣೆಗಳನ್ನು ಕೊಡಬೇಕಾಗುತ್ತದೆ. ವರ್ಷದ ಒಟ್ಟು ರವಾನೆ 10 ಲಕ್ಷ ರೂಪಾಯಿ ಮೀರಿದರೆ, ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತದೆ. ಅದು ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದಾದರೂ ಅಷ್ಟು ದಿನ ಕೈಯಿಂದ ಹೋದ ಹಣವೇ. ಹಣ ಕಳುಹಿಸಿದ 6 ತಿಂಗಳೊಳಗೆ ಷೇರು ಪ್ರಮಾಣಪತ್ರವನ್ನು ಬ್ಯಾಂಕಿಗೆ ಒಪ್ಪಿಸಬೇಕು.

ತೆರಿಗೆಯ ವಿಚಾರದಲ್ಲಿ ಕಂಪನಿಯ ವಿಳಾಸಕ್ಕಿಂತ ಅದನ್ನು ನಡೆಸುವ ಜಾಗ ಮುಖ್ಯ. ಕಂಪನಿಯ ಪರಿಣಾಮಕಾರಿ ಆಡಳಿತ ಭಾರತದಿಂದ ನಡೆದರೆ ಅದನ್ನು ಭಾರತದ ನಿವಾಸಿ ಕಂಪನಿಯೆಂದೇ ಎಣಿಸುವ ನಿಯಮವಿದೆ. ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಆ ನಿಯಮದಿಂದ ವಿನಾಯಿತಿಯನ್ನು 2017ರಲ್ಲಿ ಕೊಡಲಾಯಿತು, ಆದರೆ ಇದನ್ನೇ ನೆಚ್ಚಿಕೊಳ್ಳುವುದು ಅವಸರವಾದೀತು: ಕೋಡ್ ಬರೆಯುವುದು, ಒಪ್ಪಂದ ಕುದುರಿಸುವುದು, ಗ್ರಾಹಕರಿಗೆ ಉತ್ತರಿಸುವುದು ಎಲ್ಲವೂ ಡೊಂಬಿವಲಿಯಲ್ಲೇ ನಡೆಯುವಾಗ ಆ ಲಾಭದಲ್ಲಿ ಇಲ್ಲಿಗೆ ಸಲ್ಲುವ ಪಾಲಿಗೆ ಇಲ್ಲಿ ತೆರಿಗೆ ಕೇಳಲು ಇಲಾಖೆಗೆ ಬೇರೆ ಆಧಾರಗಳಿವೆ. ನಿಮ್ಮದೇ ವಿದೇಶಿ ಕಂಪನಿಗೆ ಇಲ್ಲಿಂದ ಕೆಲಸ ಮಾಡಿಕೊಟ್ಟರೆ ಮಾರುಕಟ್ಟೆ ದರದಲ್ಲೇ ಬಿಲ್ ಮಾಡಬೇಕು.

ವರ್ಷದ ಕರ್ತವ್ಯಗಳು ಹೆಚ್ಚಿಲ್ಲವಾದರೂ ಮರೆಯುವಂಥವಲ್ಲ. ವಿದೇಶಿ ಕಂಪನಿಯ ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು (ಎಪಿಆರ್) ಡಿಸೆಂಬರ್ 31ರೊಳಗೆ ಬ್ಯಾಂಕಿನ ಮೂಲಕ ಸಲ್ಲಿಸಬೇಕು. ಇಲ್ಲಿನ ಕಂಪನಿಯ ಮೂಲಕ ಹೂಡಿದ್ದರೆ ಜುಲೈ 15ರೊಳಗೆ ವಿದೇಶಿ ಆಸ್ತಿ-ಹೊಣೆಗಳ ಎಫ್‌ಎಲ್‌ಎ ರಿಟರ್ನ್ ಕೂಡ. ವ್ಯಕ್ತಿಯ ಆದಾಯ ತೆರಿಗೆ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿಯನ್ನು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ತುಂಬಬೇಕು, ಕಂಪನಿ ನಷ್ಟದಲ್ಲಿದ್ದರೂ ಸರಿಯೇ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಕಂಪನಿಯಿಂದ ಬರಬೇಕಾದ ಲಾಭಾಂಶ ಬಾಕಿಯಾದ 90 ದಿನಗಳೊಳಗೆ ಭಾರತಕ್ಕೆ ಬರಬೇಕು. ವ್ಯವಹಾರ ಕೈಗೂಡದಿದ್ದರೆ ಜಾಲತಾಣ ಮುಚ್ಚಿದ ಮಾತ್ರಕ್ಕೆ ಕಂಪನಿ ಮುಚ್ಚಿದಂತಾಗುವುದಿಲ್ಲ: ಡೆಲಾವೇರ್‌ನ ವಾರ್ಷಿಕ ತೆರಿಗೆಯ ಬಾಕಿ ಏರುತ್ತಲೇ ಇರುತ್ತದೆ, ಅಲ್ಲಿ ವಿಧಿವತ್ತಾಗಿ ವಿಸರ್ಜಿಸಬೇಕು, ಮತ್ತು ಹೂಡಿಕೆ ಹಿಂತೆಗೆದು ಹಣ ಬಂದ 30 ದಿನಗಳೊಳಗೆ ಅದನ್ನೂ ಅದೇ ಬ್ಯಾಂಕಿನ ಮೂಲಕ ಆರ್‌ಬಿಐಗೆ ವರದಿ ಮಾಡಬೇಕು.