ಕಡ್ಡಿ ಮೇಲಿನ ಬಟ್ಟಲಣಬೆ: ನಾನು ಗುರುತು ಹಿಡಿಯೋದು ಹೀಗೆ

ಮಳೆ ಸರಿಯಾಗಿ ಹಿಡ್ಕೊಂಡ್ಮೇಲೆ ನಮ್ಮ ಮಲೆನಾಡಿನ ಸೊಪ್ಪಿನಬೆಟ್ಟದಲ್ಲಿ ದರಗು ಸರಿಸಿದ್ರೆ ಸಾಕು, ಕೊಳೀತಿರೋ ಕಡ್ಡಿ ಮೇಲೆ ಬಟ್ಟಲಣಬೆ ಸಿಗತ್ತೆ. ದೊಡ್ಡದಾಗಿ ಕಣ್ಣಿಗೆ ಬೀಳೋದು ಕುಕೀನಾ ಅನ್ನೋ ಕುಲದ್ದು, ಗುಲಾಬಿ ಇಲ್ಲ ಕಿತ್ತಳೆ ಬಣ್ಣ, ಉದ್ದ ತೊಟ್ಟು, ಒಳಗೆ ಮಳೆನೀರು ಬೇರೆ ತುಂಬ್ಕೊಂಡಿರತ್ತೆ. ಬಟ್ಟಲಿನ ಹೊರಗಡೆ ಪೂರ್ತಿ ಉದ್ದುದ್ದ ಬಿರುಸು ಕೂದಲಿದ್ರೆ ಕುಕೀನಾ ಟ್ರೈಕೊಲೋಮ ಜಾತಿ, ಅಂಚಲ್ಲಿ ಮಾತ್ರ ಗಿಡ್ಡ ಕೂದಲು ಇದ್ರೆ ಕುಕೀನಾ ಸ್ಪೆಸಿಯೋಸಾ ಕಡೆ ಅನುಮಾನ ಪಡ್ತೀನಿ. ಬಣ್ಣ ನಾನು ನಂಬಲ್ಲ, ಒಂದೇ ಕಡ್ಡಿ ಮೇಲೆ ಎಳೇದು ಗಾಢವಾಗಿ, ಹಳೇದು ಬಿಳಚಿಕೊಂಡು ಇರೋದು ಮಾಮೂಲು.

ಅಸಲಿ ತಲೆನೋವು ಎರಡು ಮಿಲಿಮೀಟರ್‌ಗಿಂತ ಸಣ್ಣವು. ಇವನ್ನ ಕಿತ್ತು ತರಲ್ಲ, ಕಡ್ಡಿ ಸಮೇತ ಮುರಿದು ಪ್ಲಾಸ್ಟಿಕ್ ಡಬ್ಬಿಗೆ ಒಂಚೂರು ಒದ್ದೆ ಪಾಚಿ ಜೊತೆ ಹಾಕ್ತೀನಿ, ಯಾವ ಮರದ ಕಡ್ಡಿ, ತೊಗಟೆ ಇತ್ತಾ ಇಲ್ವಾ ಅನ್ನೋದನ್ನ ಅಲ್ಲೇ ಬರ್ಕೋತೀನಿ, ಯಾಕಂದ್ರೆ ಮನೆಗೆ ಬಂದ್ಮೇಲೆ ಎಲ್ಲಾ ಕಡ್ಡಿನೂ ಒಂದೇ ಥರ ಕಾಣತ್ತೆ. ಉಂಬಳ ಕಚ್ಚತ್ತೆ ಅಂತ ಅವಸರ ಮಾಡಿದ್ರೆ ಈ ನೋಟ್ ಬರ್ಕೊಳ್ಳೋದೇ ಮೊದಲು ತಪ್ಪಿಹೋಗೋದು.

ಮೊದಲು ಲೆನ್ಸಲ್ಲಿ ನೋಡ್ತೀನಿ. ಬಿಳಿ ಬಟ್ಟಲು, ಮೈತುಂಬ ಕೂದಲು ಅಂದ್ರೆ ಲ್ಯಾಕ್ನಮ್ ಇರಬಹುದು. ನುಣುಪಾಗಿ ತೊಟ್ಟಿದ್ರೆ ಹೈಮನೊಸೈಫಸ್. ತೊಟ್ಟೇ ಇಲ್ದೆ ಮೇಣದ ಹನಿ ಥರ ಅರೆಪಾರದರ್ಶಕವಾಗಿ ಅಂಟ್ಕೊಂಡಿದ್ರೆ ಆರ್ಬಿಲಿಯಾ. ಬಟ್ಟಲೊಳಗೆ ಸಣ್ಣ ಸಣ್ಣ ಬಿಲ್ಲೆ ಕೂತಿದ್ರೆ ಅದು ಹಕ್ಕಿಗೂಡು ಅಣಬೆ, ಬೇರೆ ಗುಂಪೇ. ಇದೆಲ್ಲಾ ಊಹೆ ಅಷ್ಟೇ, ತೀರ್ಮಾನ ಆಗೋದು ಮೈಕ್ರೋಸ್ಕೋಪಲ್ಲಿ.

ಬ್ಲೇಡಲ್ಲಿ ಆದಷ್ಟು ತೆಳ್ಳಗೆ ಸೀಳಿ ಬರೀ ನೀರಲ್ಲಿ ಇಡ್ತೀನಿ. ತುಂಬ ಜನ ನೇರ ಪೊಟ್ಯಾಶ್ ದ್ರಾವಣಕ್ಕೆ ಹಾಕ್ತಾರೆ, ಅಲ್ಲಿಗೆ ಜೀವಕೋಶ ಸತ್ತು ಸ್ಪೋರ್ (ಅಣಬೆಯ ಬೀಜಕಣ) ಒಳಗಿನ ಎಣ್ಣೆ ಹನಿಗಳ ಲೆಕ್ಕ ಎಲ್ಲಾ ಕೆಡತ್ತೆ, ಗುರುತಿಗೆ ಬೇಕಾಗಿದ್ದೇ ಅದು. ನೀರಲ್ಲಿ ಸ್ಪೋರ್ ಚೀಲ, ಅಂದ್ರೆ ಆಸ್ಕಸ್, ಕಾಣಬೇಕು, ಸಾಮಾನ್ಯವಾಗಿ ಒಂದರಲ್ಲಿ ಎಂಟು ಸ್ಪೋರ್. ಆಸ್ಕಸ್ಸೇ ಇಲ್ಲ ಅಂದ್ರೆ ಬಟ್ಟಲಿನ ಆಕಾರದ ಬೇಸಿಡಿಯೋಮೈಸೀಟ್, ಅಂದ್ರೆ ಚೀಲದೊಳಗೆ ಸ್ಪೋರ್ ಮಾಡದ, ಮಾಮೂಲಿ ಕೊಡೆ ಅಣಬೆಗಳ ಗುಂಪಿಂದು ಇರಬಹುದು, ಅಂಥವು ಕಡ್ಡಿ ಮೇಲೆ ಬೇಕಾದಷ್ಟಿವೆ. ಲ್ಯಾಕ್ನಮ್ ಆದ್ರೆ ಕೂದಲ ಮೇಲೆ ಮರಳು ಉದುರಿಸಿದ ಹಾಗೆ ಕಾಳುಕಾಳು, ಚೀಲಗಳ ನಡುವೆ ಭರ್ಜಿ ಮೊನೆಯಂಥ ಎಳೆಗಳು ಚೀಲಕ್ಕಿಂತ ಮೇಲೆ ಎದ್ದಿರತ್ತೆ. ಇದು ಕಂಡ್ರೆ ಮನಸ್ಸಿಗೆ ಸಮಾಧಾನ.

ಆಮೇಲೆ ಅಯೋಡಿನ್. ಕವರ್ ಸ್ಲಿಪ್ ಅಂಚಲ್ಲಿ ಲುಗಾಲ್ ಅನ್ನೋ ಅಯೋಡಿನ್ ದ್ರಾವಣ ಒಂದ್ ಹನಿ ಬಿಟ್ಟು ಇನ್ನೊಂದು ಕಡೆಯಿಂದ ಟಿಶ್ಯೂ ಪೇಪರಲ್ಲಿ ಎಳೀತೀನಿ. ಹೈಮನೊಸೈಫಸ್‌ದು ಬಹುತೇಕ ಚೀಲದ ತುದಿ ನೀಲಿ ಆಗತ್ತೆ, ಕುಕೀನಾದ್ದು ಆಗಲ್ಲ. ಪುಸ್ತಕದಲ್ಲಿ ಮೆಲ್ಜರ್ ಅಂತ ಇನ್ನೊಂದು ಅಯೋಡಿನ್ ದ್ರಾವಣ ಇರತ್ತೆ, ಅದಕ್ಕೆ ಕ್ಲೋರಲ್ ಹೈಡ್ರೇಟ್ ಬೇಕು, ಅದನ್ನ ಹುಡ್ಕೊಂಡು ಅಲೆಯೋ ಅಗತ್ಯ ಇಲ್ಲ. ಲುಗಾಲಲ್ಲಿ ಕೆಂಪಾಗೋ ಕೆಲವು ಜಾತಿಗಳು ಮೆಲ್ಜರಲ್ಲಿ ಬಣ್ಣನೇ ತೋರಿಸಲ್ಲ ಅಂತ ಜರ್ಮನಿಯ ಅಣಬೆ ತಜ್ಞ ಬಾರಲ್ 1987ರಲ್ಲೇ ಬರೆದಿದ್ದಾರೆ.

ಅಳತೆಗೆ ಚೀಲದೊಳಗಿನ ಸ್ಪೋರ್ ತಗೊಳ್ಳಲ್ಲ, ಬಲಿತಿದ್ಯೋ ಇಲ್ವೋ ಗೊತ್ತಾಗಲ್ಲ. ಬಟ್ಟಲನ್ನ ಗಾಜಿನ ಸ್ಲೈಡ್ ಮೇಲೆ ಬೋರಲು ಹಾಕಿ ರಾತ್ರಿ ಮುಚ್ಚಿಟ್ರೆ ತಾನಾಗೇ ಹಾರಿಸಿದ ಸ್ಪೋರ್ ಬೆಳಿಗ್ಗೆ ಸಿಗತ್ತೆ. ಐಪೀಸ್ ಸ್ಕೇಲನ್ನ ಒಂದು ಮಿಲಿಮೀಟರ್‌ನ 100 ಭಾಗ ಮಾಡಿರೋ ಸ್ಟೇಜ್ ಮೈಕ್ರೋಮೀಟರ್ ಇಟ್ಟು ಪ್ರತಿ ಲೆನ್ಸಿಗೂ ಬೇರೆ ಬೇರೆ ಹೊಂದಿಸ್ಕೋಬೇಕು, ಇಲ್ಲಾಂದ್ರೆ ಮೈಕ್ರಾನ್ ಲೆಕ್ಕಕ್ಕೆ ಅರ್ಥನೇ ಇಲ್ಲ. ಕುಕೀನಾ ಸ್ಪೋರ್ ದೊಡ್ಡದು, ಫೋಕಸ್ ಮೇಲೆ ಕೆಳಗೆ ಮಾಡಿದ್ರೆ ಉದ್ದುದ್ದ ಗೆರೆ ಕಾಣತ್ತೆ.

ಇಷ್ಟೆಲ್ಲಾ ಆದ್ಮೇಲೂ ಸಣ್ಣವಕ್ಕೆ ನಾನು ಜೀನಸ್, ಅಂದ್ರೆ ಕುಲದವರೆಗೆ ಮಾತ್ರ ಹೆಸರು ಬರೆಯೋದು. ಯುರೋಪಿನ ಕೀ (ಗುರುತು ಹಿಡಿಯೋ ಪಟ್ಟಿ) ಹಿಡ್ಕೊಂಡು ನಮ್ಮ ಘಟ್ಟದ ಅಣಬೆಗೆ ಜಾತಿ ಹೆಸರು ಅಂಟಿಸೋದು ನನಗೆ ಸರಿ ಕಾಣಲ್ಲ. ಉಳಿದ ಕಡ್ಡಿನ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ, ತೀರಾ ಬಿಸಿ ತಾಗದ ಕಡೆ ಒಣಗಿಸಿ, ಪೇಪರ್ ಕವರಿಗೆ ಹಾಕಿ, ಚಪ್ಪಲಿ ಡಬ್ಬಿಲಿ ಬರೋ ಸಿಲಿಕಾ ಪೊಟ್ಟಣ ಜೊತೆಗಿಟ್ಟು ಜಾಗ, ತಾರೀಕು, ಮರದ ಹೆಸರು ಬರೆದಿಡ್ತೀನಿ.