ಎರಡನೇ ಕೀಪರ್ ಬೇಸ್‌ಬಾಲ್ ಮ್ಯಾನೇಜರ್ ಆದದ್ದು

ಬೆಂಗಳೂರಿನಲ್ಲಿ ಕ್ಲಬ್ ಕ್ರಿಕೆಟ್ ಆಡುತ್ತಿದ್ದಾಗ ನಾನು ಟೀಮಿನ ಎರಡನೇ ಕೀಪರ್. ಆಡಿದ್ದಕ್ಕಿಂತ ಬೌಂಡರಿ ಆಚೆ ಕೂತು ನೋಡಿದ್ದೇ ಜಾಸ್ತಿ. ಹಾಗೆ ನೋಡಿದ್ದು ಉಪಯೋಗಕ್ಕೆ ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ. ಮಗಳು ಲಿಟಲ್ ಲೀಗ್, ಅಂದರೆ ಮಕ್ಕಳ ಬೇಸ್‌ಬಾಲ್ ಸೇರಿದಳು. ನಾನು ಮೊದಲು ಸಹಾಯಕ ಕೋಚ್ ಆದೆ, ಆಮೇಲೆ ಮ್ಯಾನೇಜರ್, ಅಂದರೆ ಮುಖ್ಯ ಕೋಚ್.

ಧೈರ್ಯ ಕೊಟ್ಟದ್ದು ಬ್ರೂಸ್ ಬೋಚಿ. ನಾನು ಇಲ್ಲಿಗೆ ಬಂದಾಗ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಟೀಮಿಗೆ ಅವರೇ ಮ್ಯಾನೇಜರ್. 1978ರಿಂದ 1987ರವರೆಗೆ ಆಡಿದವರು, ಬಹುಪಾಲು ಮೀಸಲು ಕ್ಯಾಚರ್ (ಬೇಸ್‌ಬಾಲಿನ ಕೀಪರ್) ಆಗಿ. ಬ್ಯಾಟಿಂಗ್ ಸರಾಸರಿ .239, ಅಂದರೆ ನಾಲ್ಕು ಸರದಿಗೆ ಒಂದು ಹಿಟ್ ಕೂಡ ಇಲ್ಲ, ಹೇಳಿಕೊಳ್ಳುವಂಥದ್ದೇನಲ್ಲ. ಆಟ ಬಿಟ್ಟ ಮೇಲೆ ನೇರವಾಗಿ ದೊಡ್ಡ ಕುರ್ಚಿ ಸಿಗಲಿಲ್ಲ. ಸ್ಯಾನ್ ಡಿಯೇಗೊ ಪಾಡ್ರೆಸ್‌ನ ಮೈನರ್ ಲೀಗ್ (ಕೆಳ ದರ್ಜೆಯ) ಟೀಮುಗಳಲ್ಲಿ ಹುಡುಗರನ್ನು ತಿದ್ದಿದರು, ಆಮೇಲೆ ಪಾಡ್ರೆಸ್‌ಗೆ ಥರ್ಡ್ ಬೇಸ್ ಕೋಚ್ ಆದರು, 1995ರಲ್ಲಿ ಅಲ್ಲೇ ಮ್ಯಾನೇಜರ್. ಜೈಂಟ್ಸ್ ಜೊತೆ 2010, 2012, 2014ರಲ್ಲಿ ವರ್ಲ್ಡ್ ಸೀರೀಸ್ (ವರ್ಷದ ಫೈನಲ್) ಗೆದ್ದರು, 2023ರಲ್ಲಿ ಟೆಕ್ಸಸ್ ರೇಂಜರ್ಸ್ ಜೊತೆ ಇನ್ನೊಂದು. ಮ್ಯಾನೇಜರ್‌ಗಳಾದ ಜೋ ಟೋರಿ, ಮೈಕ್ ಸೋಶಿಯಾ, ಜೋ ಜಿರಾರ್ಡಿ ಕೂಡ ಕ್ಯಾಚರ್‌ಗಳೇ. ಬಯಲಿನಲ್ಲಿ ಉಳಿದ ಎಂಟು ಜನರನ್ನೂ ಎದುರಿಗಿಟ್ಟುಕೊಂಡು ಕೂರುವವನು ಕ್ಯಾಚರ್ ಒಬ್ಬನೇ ಅಲ್ವಾ!

ಹಾಗಂತ ಕೀಪಿಂಗ್ ಗೊತ್ತಿದ್ದರೆ ಕ್ಯಾಚಿಂಗ್ ಬಂದೇಬಿಡುತ್ತದೆ ಅಂತಿಲ್ಲ. ಕೀಪರ್‌ಗೆ ಚೆಂಡು ಹಿಡಿಯುವುದೇ ಅಭ್ಯಾಸ. ಬೇಸ್ (ಓಡುವವರು ನಿಲ್ಲುವ ಗುರುತು) ಮೇಲೆ ಎದುರಾಳಿ ಇದ್ದಾಗ ಪಿಚ್, ಅಂದರೆ ಪಿಚರ್ ಎಸೆದ ಚೆಂಡು, ನೆಲಕ್ಕೆ ಬಡಿದು ಬಂದರೆ ಕ್ಯಾಚರ್ ಹಿಡಿಯಲು ಹೋಗಬಾರದು, ತಡೆಯಬೇಕು; ಹಿಂದಕ್ಕೆ ಹೋದರೆ ಆತ ಮುಂದಿನ ಬೇಸ್‌ಗೆ ಓಡುತ್ತಾನೆ. ಎರಡೂ ಮಂಡಿ ಒಟ್ಟಿಗೆ ನೆಲಕ್ಕೆ, ಗ್ಲೌವ್ ಮಂಡಿಗಳ ಮಧ್ಯೆ, ಗದ್ದ ಎದೆಗೆ, ಭುಜ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಚೆಂಡು ಎದೆಗೆ ಬಡಿದು ಅಲ್ಲೇ ಮುಂದೆ ಬಿದ್ದರೆ ಸಾಕು. ಮಕ್ಕಳು ಹೆದರಿ ಮುಖ ತಿರುಗಿಸುತ್ತಾರೆ. ಅದಕ್ಕೆ ಪೂರ್ತಿ ಗೇರ್ ಹಾಕಿಸಿ, ಕೈ ಹಿಂದೆ ಕಟ್ಟಿಸಿ, ಟೆನಿಸ್ ಬಾಲ್ ಎಸೆಯುತ್ತೇನೆ. ನೋವಾಗುವುದಿಲ್ಲ ಅಂತ ಮೈಗೆ ಗೊತ್ತಾದ ಮೇಲೆ ತಾವಾಗಿಯೇ ಮಂಡಿ ಊರುತ್ತಾರೆ.

ನಮ್ಮ ಮನೆಗಳ ಮಕ್ಕಳದ್ದು ಇನ್ನೊಂದು ತಮಾಷೆ. ಬೇಸ್‌ಬಾಲ್‌ನಲ್ಲಿ ಬ್ಯಾಟ್ ಬಿಟ್ಟು ಓಡಬೇಕು, ಇವರು ಹೊಡೆದ ಮೇಲೆ ಬ್ಯಾಟ್ ಹಿಡಿದುಕೊಂಡೇ ಓಡುತ್ತಾರೆ! ಅಪ್ಪಂದಿರ ಜೊತೆ ಪಾರ್ಕಿಂಗ್ ಲಾಟ್‌ನಲ್ಲಿ ಕ್ರಿಕೆಟ್ ಆಡಿದ ಫಲ.

ಮ್ಯಾನೇಜರ್ ಆದ ಮೇಲೆ ತಲೆ ತಿನ್ನುವುದು ಪಿಚ್ ಲೆಕ್ಕ. 9–10 ವಯಸ್ಸಿನ ಮಗು ಒಂದು ದಿನಕ್ಕೆ 75 ಪಿಚ್ ಹಾಕಬಹುದು. 20ರೊಳಗೆ ನಿಲ್ಲಿಸಿದರೆ ಮರುದಿನವೂ ಹಾಕಬಹುದು. 21 ಮುಟ್ಟಿದರೆ ಒಂದು ದಿನ ವಿಶ್ರಾಂತಿ, 36ಕ್ಕೆ ಎರಡು, 51ಕ್ಕೆ ಮೂರು, 66ಕ್ಕೆ ನಾಲ್ಕು. 41 ಹಾಕಿದ ಪಿಚರ್ ಆ ದಿನ ಕ್ಯಾಚರ್ ಆಗುವ ಹಾಗಿಲ್ಲ. ನಾಲ್ಕು ಇನ್ನಿಂಗ್ಸ್ (ಒಂದು ಆಟದಲ್ಲೇ ಹಲವು ಇರುತ್ತವೆ) ಕ್ಯಾಚರ್ ಆಗಿದ್ದವರು ಆ ದಿನ ಪಿಚ್ ಮಾಡುವ ಹಾಗಿಲ್ಲ. ಬೆಳೆಯುವ ಮೊಣಕೈ ಉಳಿಸುವುದಕ್ಕೆ ಈ ಕಟ್ಟುಪಾಡು, ಸರಿಯಾಗಿಯೇ ಇದೆ. ನಾನು ಪಿಚ್ ಎಣಿಸುವ ಕ್ಲಿಕ್ಕರ್ ಕೈಯಲ್ಲಿ ಹಿಡಿದೇ ನಿಂತಿರುತ್ತೇನೆ. ಶನಿವಾರದ ಆಟದಲ್ಲಿ ಒಬ್ಬ ಹುಡುಗ 34ಕ್ಕೆ ಬಂದ ಅಂದರೆ ಸೋಮವಾರದ ಆಟವೂ ನನ್ನ ತಲೆಯಲ್ಲಿ ಓಡುತ್ತಿರುತ್ತದೆ.

"ಇನ್ನೊಂದು ಇನ್ನಿಂಗ್ಸ್ ಹಾಕ್ಲಿ ಬಿಡಿ ಸರ್, ಚೆನ್ನಾಗೇ ಹಾಕ್ತಿದ್ದಾನೆ. ಬಮ್‌ಗಾರ್ನರ್ ಹಾಕ್ಲಿಲ್ವಾ?" ಅಂದರು ಒಬ್ಬ ತಂದೆ. 2014ರ ವರ್ಲ್ಡ್ ಸೀರೀಸ್‌ನ ಏಳನೇ ಆಟದ ಮಾತು ಅದು. ಐದನೇ ಆಟವನ್ನು ಪೂರ್ತಿ ಹಾಕಿದ್ದ ಮ್ಯಾಡಿಸನ್ ಬಮ್‌ಗಾರ್ನರ್‌ನನ್ನು ಬೋಚಿ ಎರಡೇ ದಿನ ಬಿಡುವು ಕೊಟ್ಟು ಮತ್ತೆ ಇಳಿಸಿದರು. ಆತ ಐದು ಇನ್ನಿಂಗ್ಸ್‌ನಲ್ಲಿ 68 ಪಿಚ್ ಹಾಕಿ ಮುಗಿಸಿದ. ನಿಜ. ಆದರೆ ಅವನಿಗೆ ಆಗ 25 ವಯಸ್ಸು, ಅದು ಸೀಸನ್ನಿನ ಕೊನೇ ಆಟ. "ನಿಮ್ಮ ಮಗನಿಗೆ ಮುಂದಿನ ವಾರ ಮ್ಯಾಥ್ಸ್ ಟೆಸ್ಟೂ ಇದೆ ಸರ್, ಪೆನ್ಸಿಲ್ ಹಿಡೀಬೇಕು" ಅಂದೆ. ನಕ್ಕು ಸುಮ್ಮನಾದರು.

ಬೆಂಚ್ ಮೇಲಿರುವ ಮಕ್ಕಳ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಹಠ. ಪ್ರತಿ ಮಗುವಿಗೂ ಒಂದಿಷ್ಟು ಹೊತ್ತು ಆಟ ಸಿಗಲೇಬೇಕು ಅಂತ ನಿಯಮವಿದೆ. ಕೂತಿರುವ ಹೊತ್ತಿಗೂ ಕೆಲಸ ಬೇಕು ಅನ್ನುವುದು ನನ್ನ ಸೇರ್ಪಡೆ. ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇನೆ: ಆ ಬ್ಯಾಟರ್ ಎಲ್ಲಿ ನಿಂತಿದ್ದಾನೆ ನೋಡು, ಚೆಂಡು ಎಲ್ಲಿಗೆ ಹೋಗಬಹುದು? "ಪ್ಲೇಟ್‌ನಿಂದ ತುಂಬಾ ದೂರ ನಿಂತಿದ್ದಾನೆ ಅಂಕಲ್, ಔಟ್‌ಸೈಡ್ ಹಾಕಿಸಿ" ಅಂದಳು ಒಬ್ಬಳು. ಪ್ಲೇಟ್ ಅಂದರೆ ಬ್ಯಾಟರ್ ಪಕ್ಕದ ನೆಲದ ಫಲಕ, ಔಟ್‌ಸೈಡ್ ಅಂದರೆ ಅವನಿಂದ ದೂರದ ಅಂಚು. ಹಾಕಿಸಿದೆವು. ಚೆಂಡು ಬ್ಯಾಟಿನ ತುದಿಗೆ ತಾಗಿ ಸೆಕೆಂಡ್ ಬೇಸ್‌ಮನ್ ಕೈಗೆ ಉರುಳಿತು.

ನಿಮಗೂ ಮನಸ್ಸಿದ್ದರೆ ಚಳಿಗಾಲದಲ್ಲೇ ನಿಮ್ಮ ಊರಿನ ಲೀಗ್‌ಗೆ ಹೆಸರು ಕೊಡಿ. ವಾಲಂಟಿಯರ್‌ಗಳಿಗೆ ಪ್ರತಿ ವರ್ಷ ಹಿನ್ನೆಲೆ ತಪಾಸಣೆ ಇರುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ನಿಯಮಗಳ ಪುಸ್ತಕ ಪ್ರತಿ ಸೀಸನ್ ಹೊಸದಾಗಿ ಓದಿ. ಸ್ಕೋರ್ ಬರೆಯಲು ಗಟ್ಟಿ ಮನಸ್ಸಿನ ಪೋಷಕರೊಬ್ಬರನ್ನು ಮೊದಲ ಪ್ರಾಕ್ಟೀಸ್‌ನಲ್ಲೇ ಹಿಡಿದುಬಿಡಿ. ಎರಡನೇ ವಾರಕ್ಕೆ ಯಾರೂ ಸಿಗುವುದಿಲ್ಲ.