ಅಳಿಯನ ಸಹಿ ನಡೆಯಲಿಲ್ಲ

ಮಾವ ತೀರಿಕೊಂಡಾಗ ಅವರ ಸಮಾಧಿಗೆ ಸರ್ಕಾರ ಕೊಡುವ ಕಲ್ಲನ್ನೇ ಹಾಕಿಸಬೇಕು ಅಂತ ಹೆಂಡತಿಗೆ ಆಸೆ. ಅವಳು ಅಮೆರಿಕದವಳು. ಅಪ್ಪ ಅಲ್ಲಿನ ಭೂಸೇನೆಯಲ್ಲಿದ್ದು 1968ರಲ್ಲಿ ಬಿಡುಗಡೆಯಾದವರು. ಕಲ್ಲು ಬೇಕೆಂದರೆ ಸೇವೆಗೆ ದಾಖಲೆ ತೋರಿಸಬೇಕು. ಬಿಡುಗಡೆಯಾಗುವಾಗ ಸೇನೆ ಕೊಡುವ ಆ ಕಾಗದದ ಹೆಸರು ಡಿಡಿ-214. ಮನೆಯೆಲ್ಲ ಜಾಲಾಡಿದರೂ ಸಿಗಲಿಲ್ಲ.

ಹಳೆಯ ಸೈನಿಕರ ಕಡತಗಳು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿವೆ. ಆನ್‌ಲೈನ್‌ನಲ್ಲಿ ಕೇಳಬಹುದು, ಇಲ್ಲವೇ ಎಸ್‌ಎಫ್-180 ಫಾರಂ ತುಂಬಿ ಅಂಚೆಯಲ್ಲಿ ಕಳಿಸಬಹುದು. ನಮ್ಮನೆಯಲ್ಲಿ ಫಾರಂ ತುಂಬುವ ಕೆಲಸ ಯಾವಾಗಲೂ ನನ್ನದೇ. ತುಂಬಿ, ಸಹಿಯನ್ನೂ ನಾನೇ ಹಾಕಿ ಕಳಿಸಿದೆ. ವಾಪಸ್ ಬಂತು. ತೀರಿಕೊಂಡವರ ಕಡತ ಕೇಳುವ ಹಕ್ಕು ಮರುಮದುವೆಯಾಗದ ಸಂಗಾತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರಿಗೆ ಮಾತ್ರ. ಅಳಿಯ ಆ ಪಟ್ಟಿಯಲ್ಲೇ ಇಲ್ಲ! ಹೆಂಡತಿ ಒಂದು ವಾರ ನಕ್ಕಳು.

ಎರಡನೇ ಸಲ ಅವಳೇ ಸಹಿ ಹಾಕಿ, ಮರಣ ಪತ್ರದ ಪ್ರತಿ ಇಟ್ಟಳು. ಇನ್ನೊಂದು ತೊಡಕು ಸರ್ವಿಸ್ ನಂಬರ್, ಅಂದರೆ ಸೇನೆಯಲ್ಲಿ ಸೈನಿಕನ ಗುರುತಿನ ಸಂಖ್ಯೆ. ಭೂಸೇನೆ ಅದಕ್ಕೆ ಸೋಶಿಯಲ್ ಸೆಕ್ಯುರಿಟಿ ನಂಬರನ್ನೇ (ಅಮೆರಿಕದ ಸರ್ಕಾರ ಜನರಿಗೆ ಕೊಡುವ ಗುರುತಿನ ಸಂಖ್ಯೆ) ಬಳಸಲು ಶುರುಮಾಡಿದ್ದು 1969ರ ಜುಲೈಯಲ್ಲಿ. ಅದಕ್ಕೂ ಮೊದಲಿನವರಿಗೆ ಬೇರೆಯೇ ನಂಬರ್. ಮಾವನ ಶೇವಿಂಗ್ ಡಬ್ಬಿಯಲ್ಲಿ ಸೈನಿಕರು ಕೊರಳಿಗೆ ಹಾಕುವ ಬಿಲ್ಲೆ ಇತ್ತು. ನಂಬರ್ ಅದರ ಮೇಲಿತ್ತು. ಈ ಸಲ ದಾಖಲೆ ಬಂತು, ಒಂದು ಪೈಸೆ ಖರ್ಚಿಲ್ಲದೆ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಅದೇ ಹುಮ್ಮಸ್ಸಿನಲ್ಲಿ ಮಾವನ ಅಣ್ಣನ ಕಡತವನ್ನೂ ಕೇಳಿದೆವು. ಅವರು ಕೊರಿಯಾ ಯುದ್ಧಕ್ಕೆ ಹೋಗಿ 1953ರಲ್ಲಿ ಬಿಡುಗಡೆಯಾದವರು. ಬಿಡುಗಡೆಯಾಗಿ 62 ವರ್ಷ ದಾಟಿದರೆ ಯಾರು ಬೇಕಾದರೂ ಕೇಳಬಹುದು, ಶುಲ್ಕ ಕಟ್ಟಬೇಕು ಅಷ್ಟೇ. ಇಲ್ಲಿ ನನ್ನ ಸಹಿ ನಡೆಯಿತು. ಆದರೆ ಕಡತವೇ ಇಲ್ಲ! 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಆ ಕಡತಗಳ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. 1912ರ ನವೆಂಬರ್‌ನಿಂದ 1960ರ ಜನವರಿ ತನಕ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇ. 80 ಹೋದವು. ನಕಲೂ ಇರಲಿಲ್ಲ, ಮೈಕ್ರೋಫಿಲ್ಮೂ ಇರಲಿಲ್ಲ.

ಇಂಥವರಿಗೆಂದೇ 13075 ಅನ್ನುವ ಇನ್ನೊಂದು ಫಾರಂ ಇದೆ. ಯಾವ ತುಕಡಿ, ಎಲ್ಲಿ, ಯಾವಾಗ ಅಂತ ಕೇಳುತ್ತದೆ. ನೆನಪಿದ್ದಷ್ಟು ಬರೆದೆವು. ಕೊನೆಯ ಸಂಬಳದ ಚೀಟಿಯ ಪ್ರತಿ ಸಿಕ್ಕಿತು. ಅದರಲ್ಲಿ ನಂಬರ್, ತಾರೀಖು ಇತ್ತು, ಜಾಸ್ತಿ ಏನೂ ಇರಲಿಲ್ಲ.

ಆಮೇಲೊಂದು ದಿನ ಹೆಂಡತಿಯ ಸೋದರತ್ತೆ ಸುಮ್ನೆ ಮಾತಿಗೆ ಅಂದರು: "ದೊಡ್ಡಣ್ಣ ವಾಪಸ್ ಬಂದ ವಾರವೇ ಬಿಡುಗಡೆ ಕಾಗದಾನ ಕೌಂಟಿ ಕಚೇರಿಯಲ್ಲಿ ನೋಂದಾಯಿಸಿದ್ದ." ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಆ ಕಾಲದಲ್ಲಿ ಬಹಳ ಜನ ಹಾಗೆ ಮಾಡುತ್ತಿದ್ದರಂತೆ. ಹೋಗಿ ಕೇಳಿದೆವು. ಗುಮಾಸ್ತೆ ದಪ್ಪನೆಯ ರಿಜಿಸ್ಟರ್ ತೆಗೆದು, ಪುಟ ತಿರುವಿ, ನಮ್ಮ ಕಡೆ ತಿರುಗಿಸಿದರು. ಡಿಡಿ-214, ಪೂರ್ತಿ.